ಹೊಸ ಗಿಟಾರ್‌ಗೆ ಹಳೇ ಗೀರು ಯಾಕೆ?

ಹೊಸ ಮೊಬೈಲ್ ಕೊಂಡ ದಿನವೇ ಅದಕ್ಕೆ ಟೆಂಪರ್ಡ್ ಗ್ಲಾಸ್ ಅಂಟಿಸಿ, ಕವರ್ ತೊಡಿಸುವ ಜನ ನಾವು. ಬೈಕ್ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ತಿಂಗಳುಗಟ್ಟಲೆ ತೆಗೆಯದವರೂ ನಮ್ಮಲ್ಲಿದ್ದಾರೆ. ಇಂಥ ನಮ್ಮ ಮುಂದೆ, ‘ಬಣ್ಣ ಕಿತ್ತುಹೋದ, ಗೀರು ಬಿದ್ದ, ತುಕ್ಕು ಹಿಡಿದ ಗಿಟಾರನ್ನು ಹೊಳೆಯುವ ಗಿಟಾರ್‌ಗಿಂತ ಹೆಚ್ಚು ದುಡ್ಡು ಕೊಟ್ಟು ಕೊಳ್ಳುತ್ತಾರೆ’ ಎಂದರೆ ನಗು ಬರಬಹುದು. ಅದರಲ್ಲೂ ಆ ಗಿಟಾರ್ ಕಾರ್ಖಾನೆಯಿಂದ ಹೋದ ತಿಂಗಳಷ್ಟೇ ಬಂದದ್ದು, ಗೀರುಗಳನ್ನೂ ಅಲ್ಲಿಯೇ ಹಾಕಿ ಕಳಿಸಿದ್ದಾರೆ ಎಂದರೆ?

ನಿಜವಾಗಿಯೂ ಇಂಥದ್ದೊಂದು ವ್ಯಾಪಾರವಿದೆ. ಈ ವಾದ್ಯಗಳಿಗೆ ‘ರೆಲಿಕ್’ ಎಂದು ಹೆಸರು. ಅಮೆರಿಕದ ಫೆಂಡರ್ ಕಂಪನಿಯ ಕಸ್ಟಮ್ ಶಾಪ್ 1995ರಲ್ಲಿ ಇವನ್ನು ಪರಿಚಯಿಸಿತು. ಈಗ ಬೇರೆ ಕಂಪನಿಗಳೂ ಮಾಡುತ್ತವೆ. ಎಷ್ಟು ಹಳೆಯದಾಗಿ ಕಾಣಬೇಕು ಎಂಬುದಕ್ಕೂ ದರ್ಜೆಗಳಿವೆ. ಉಪ್ಪುಕಾಗದದಿಂದ ಬಣ್ಣ ಉಜ್ಜುತ್ತಾರೆ, ಲೋಹದ ಭಾಗಗಳಿಗೆ ರಾಸಾಯನಿಕ ತಾಗಿಸಿ ಮಂಕು ಮಾಡುತ್ತಾರೆ, ಥಟ್ಟನೆ ತಣ್ಣಗಾಗಿಸಿ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಬರಿಸುತ್ತಾರೆ.

ಈ ಫ್ಯಾಷನ್ ಬಗ್ಗೆ ನನಗೆ ತಕರಾರಿದೆ. ಸವೆತ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ನುಡಿಸಿದ ಬಾಸ್ ಗಿಟಾರ್ ಮೇಲಿನ ಸವೆತವೆಂದರೆ ನನಗೆ ತುಂಬಾ ಇಷ್ಟ. ಆ ಕಾರಣಕ್ಕೇ ಅದರ ನಕಲು ನೋಡಿದರೆ ಬೇಸರ. ಮುಂದಿನ ವರ್ಷ ಪ್ರಾಜೆಕ್ಟ್, ಪ್ಲೇಸ್‌ಮೆಂಟ್ ಎಂದು ಓಡಾಡಬೇಕಾದ ನಮ್ಮಂಥವರಿಗೆ ಇದರಲ್ಲಿ ಯೋಚಿಸುವ ವಿಷಯವೂ ಇದೆ.

ಪ್ರತಿ ಗುರುತಿಗೂ ಕಾರಣವಿದೆ

ಬಾಸ್ ಗೊತ್ತಿಲ್ಲದವರಿಗೆ ಒಂದು ಮಾತು. ಹಾಡು ಕೇಳುವಾಗ ಕಿವಿಗಿಂತ ಮೊದಲು ಎದೆಗೆ ತಾಗುವ ತಗ್ಗಿನ ದನಿ ಅದರದ್ದು. ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳು. ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ನಾಲ್ಕೂ ತಂತಿ ಸೇರಿ ವಾದ್ಯದ ಕುತ್ತಿಗೆಯನ್ನು ಎಳೆಯುವ ಬಲ ಹೆಚ್ಚುಕಡಿಮೆ 70–80 ಕಿಲೋ ತೂಕಕ್ಕೆ ಸಮ. ಒಬ್ಬ ದೊಡ್ಡ ಆಳು ಹಗಲೂ ರಾತ್ರಿ ಅದಕ್ಕೆ ಜೋತುಬಿದ್ದಂತೆ.

ಇಂಥ ವಾದ್ಯವನ್ನು ಹದಿನೈದಿಪ್ಪತ್ತು ವರ್ಷ ನುಡಿಸಿದರೆ ಅದು ಎಲ್ಲೆಂದರಲ್ಲಿ ಸವೆಯುವುದಿಲ್ಲ. ಬಲಗೈ ಮುಂದೋಳು ಒರಗುವ ಮೇಲಂಚಿನಲ್ಲಿ ಬಣ್ಣ ಹೋಗುತ್ತದೆ. ಹೆಬ್ಬೆರಳು ಊರುವ ಪಿಕಪ್‌ನ ಅಂಚು ನುಣುಪಾಗುತ್ತದೆ. ಬೆನ್ನಿಗೆ ಬೆಲ್ಟಿನ ಬಕಲ್ ತಾಗಿ ಗೀರು ಬೀಳುತ್ತದೆ. ಎಡ ಅಂಗೈ ಜಾರುವ ಕುತ್ತಿಗೆಯ ಹಿಂಬದಿ ರೇಷ್ಮೆಯಂತಾಗುತ್ತದೆ. ಚಿಕ್ಕ ವೇದಿಕೆಗಳಲ್ಲಿ ಡ್ರಮ್ಸ್ ಪಕ್ಕವೇ ನಿಂತು ನುಡಿಸಿದವರ ಬಾಸ್ ತಲೆಯ ತುದಿಯಲ್ಲಿ ಸಿಂಬಲ್ ಬಡಿದ ಚಿಕ್ಕ ಚಿಕ್ಕ ನೆಗ್ಗುಗಳೂ ಇರುತ್ತವೆ. ಗುರುತುಗಳನ್ನು ನೋಡಿಯೇ ಆ ಮನುಷ್ಯ ಹೇಗೆ ನಿಲ್ಲುತ್ತಿದ್ದ, ಕೈ ಎಲ್ಲಿಡುತ್ತಿದ್ದ ಎಂದು ಹೇಳಬಹುದು. ಹಳೆ ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗ ಕೊರೆದ ಗೆರೆ ನೋಡಿ ಎಷ್ಟು ತಲೆಮಾರು ನೀರು ಸೇದಿದೆ ಎಂದು ಊಹಿಸುವುದಿಲ್ಲವೇ, ಹಾಗೆ.

ನಾವು ಓದುವ ಯಂತ್ರಶಾಸ್ತ್ರದಲ್ಲಿ ಇದಕ್ಕೊಂದು ಸೂತ್ರವೇ ಇದೆ. 1953ರಲ್ಲಿ ಆರ್ಚರ್ಡ್ ಎಂಬ ವಿಜ್ಞಾನಿ ಪ್ರಕಟಿಸಿದ್ದು. ಎರಡು ಮೇಲ್ಮೈ ಉಜ್ಜಿದಾಗ ಸವೆಯುವ ಪ್ರಮಾಣ, ಒತ್ತುವ ಬಲ ಮತ್ತು ಜಾರಿದ ದೂರ ಹೆಚ್ಚಿದಂತೆ ಹೆಚ್ಚುತ್ತದೆ, ಮೇಲ್ಮೈ ಗಟ್ಟಿಯಾದಷ್ಟೂ ಕಡಿಮೆಯಾಗುತ್ತದೆ. ಬಾಸ್‌ನ ಫ್ರೆಟ್‌ಗಳನ್ನು ಹೆಚ್ಚಾಗಿ ‘ನಿಕ್ಕಲ್ ಸಿಲ್ವರ್’ ಎಂಬ ಮಿಶ್ರಲೋಹದಿಂದ ಮಾಡುತ್ತಾರೆ. ಹೆಸರಿನಲ್ಲಿ ಬೆಳ್ಳಿ ಇದ್ದರೂ ಒಳಗಿರುವುದು ತಾಮ್ರ, ನಿಕ್ಕಲ್, ಸತು. ಅದರ ಮೇಲೆ ಸುರುಳಿ ಸುತ್ತಿದ ಒರಟು ತಂತಿ ದಿನವೂ ಉಜ್ಜಿದರೆ ಹಳ್ಳ ಬೀಳುತ್ತದೆ. ಎಲ್ಲಿ ಹೆಚ್ಚು ಒತ್ತಿದ್ದಾರೋ ಅಲ್ಲಿ ಹೆಚ್ಚು ಹಳ್ಳ. ಸೂತ್ರದ ‘ಜಾರಿದ ದೂರ’ ಎಂದರೆ ವಾದಕನ ಮಟ್ಟಿಗೆ ಅಭ್ಯಾಸದ ಗಂಟೆಗಳೇ.

ಬಣ್ಣದ್ದೂ ಒಂದು ಕಥೆಯಿದೆ. 1950–60ರ ದಶಕದ ಗಿಟಾರ್‌ಗಳಿಗೆ ಹೆಚ್ಚಾಗಿ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿಯುತ್ತಿದ್ದರು. ಅದು ತೆಳು. ದ್ರಾವಕ ಆರಿ ಒಣಗುವ ಬಣ್ಣವಾದ್ದರಿಂದ ಬೆವರು, ಶಾಖಕ್ಕೆ ಬೇಗ ಸೋಲುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ. ಬಿಳಿ ಬಾಸ್ ಕೆನೆಬಣ್ಣಕ್ಕೆ ತಿರುಗುವುದು, ನೀಲಿ ಬಾಸ್ ಹಸಿರಾಗಿ ಕಾಣುವುದು ಇದೇ ಕಾರಣಕ್ಕೆ. 60ರ ದಶಕದ ಕೊನೆಗೆ ಫೆಂಡರ್ ಪಾಲಿಯೆಸ್ಟರ್ ಕಡೆಗೆ ಹೊರಳಿತು. ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವ ಆ ದಪ್ಪ ಪದರ ಸುಲಭಕ್ಕೆ ಸವೆಯುವುದಿಲ್ಲ. ಜೋರಾಗಿ ಬಡಿದರೆ ಚಕ್ಕೆ ಏಳುತ್ತದೆ. ನಮ್ಮ ಕಾಲೇಜು ಬ್ಯಾಂಡ್‌ಗಳಲ್ಲಿರುವ ಕಡಿಮೆ ಬೆಲೆಯ ಬಾಸ್‌ಗಳಿಗೂ ಬಹುತೇಕ ಇಂಥ ಗಟ್ಟಿ ಲೇಪನವೇ ಇರುತ್ತದೆ. ಅವನ್ನು ಮೂವತ್ತು ವರ್ಷ ನುಡಿಸಿದರೂ 1962ರ ಬಾಸ್‌ನಂತೆ ಕಾಣುವುದಿಲ್ಲ, ತಮ್ಮದೇ ರೀತಿಯಲ್ಲಿ ಹಳತಾಗುತ್ತವೆ. ‘ಹಳೆಯದು ಎಂದರೆ ಹೀಗೇ ಕಾಣಬೇಕು’ ಎಂಬ ನಮ್ಮ ಕಲ್ಪನೆಯೇ ಒಂದು ಕಾಲದ ಬಣ್ಣದ ಡಬ್ಬಿಯಿಂದ ಬಂದದ್ದು.

ಎರಡು ಬಾಸ್‌ಗಳು

ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯಲ್ಲಿ ಜೇಮ್ಸ್ ಜೇಮರ್ಸನ್ ಎಂಬ ಬಾಸ್ ವಾದಕರಿದ್ದರು. 1960ರ ದಶಕದಲ್ಲಿ ಜಗತ್ತು ಕುಣಿದ ಎಷ್ಟೋ ಹಾಡುಗಳ ಬಾಸ್ ಅವರದ್ದು, ಅದೂ ಬಲಗೈಯ ತೋರುಬೆರಳು ಒಂದರಿಂದಲೇ ಮೀಟಿದ್ದು. ಆದರೆ ವರ್ಷಗಟ್ಟಲೆ ರೆಕಾರ್ಡುಗಳ ಮೇಲೆ ಅವರ ಹೆಸರು ಬರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನ ಮೇಲೆ ಹೆಸರು ಅಚ್ಚಾಯಿತು. ಅವರ 1962ರ ಪ್ರಿಸಿಶನ್ ಬಾಸ್‌ಗೆ ‘ಫಂಕ್ ಮಷಿನ್’ ಎಂದು ಅಡ್ಡಹೆಸರು. ಅದರ ತಂತಿಗಳನ್ನು ತುಂಡಾಗದ ಹೊರತು ಅವರು ಬದಲಿಸುತ್ತಿರಲಿಲ್ಲವಂತೆ. 1983ರಲ್ಲಿ ಅವರು ತೀರಿಕೊಳ್ಳುವ ಕೆಲವೇ ದಿನ ಮೊದಲು ಅದು ಕಳುವಾಯಿತು. ಹೆಸರೇ ಅಚ್ಚಾಗದಿದ್ದ ಆ ವರ್ಷಗಳ ದುಡಿಮೆಯ ಗುರುತು ಇದ್ದದ್ದು ಆ ಮರ ಮತ್ತು ಲೋಹದ ಮೇಲೆ.

ಇನ್ನೊಬ್ಬರು ಜಾಕೊ ಪಾಸ್ಟೋರಿಯಸ್. ಅವರ 1962ರ ಜಾಜ್ ಬಾಸ್‌ನಲ್ಲಿ ಫ್ರೆಟ್‌ಗಳೇ ಇರಲಿಲ್ಲ. ಒರಟು ತಂತಿ ಬರಿಯ ಮರವನ್ನು ಕೊರೆದು ಹಾಕುತ್ತದೆ ಎಂದು ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಅದರ ಮೇಲೆ ಬಳಿದಿದ್ದರು. ಸವೆತ ತಡೆಯಲು ಮಾಡಿದ ಆ ಉಪಾಯ ಅವರ ನಾದದ ಭಾಗವೇ ಆಯಿತು. ಆ ಬಾಸ್ ಒಮ್ಮೆ ಒಡೆದು ಚೂರಾಗಿ, ದುರಸ್ತಿಯಾಗಿ, 1986ರಲ್ಲಿ ಕಳುವಾಗಿ, ಜಾಕೊ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಮತ್ತೆ ಸಿಕ್ಕಿತು. ಅದರ ಸವೆದ ರೂಪದ ಪ್ರತಿಗಳನ್ನು ಫೆಂಡರ್ ಮಾರಿದೆ. ಪ್ರತಿ ಕೊಂಡವರಿಗೆ ಜಾಕೊ ಬಾಸ್‌ನ ನೋಟ ಸಿಗುತ್ತದೆ. ಮರ ಕೊರೆಯುತ್ತಿದೆ, ಏನು ಮಾಡಲಿ ಎಂದು ಅವರು ತಲೆ ಕೆಡಿಸಿಕೊಂಡ ಆ ಹೊತ್ತು ಸಿಗುವುದಿಲ್ಲ.

ನಕಲು ಮಾಡದ ಒಂದು ಜಾಗ

ರೆಲಿಕ್ ಬೇಕೆನ್ನುವವರ ವಾದದಲ್ಲೂ ಹುರುಳಿದೆ. ಹೊಸ ವಾದ್ಯಕ್ಕೆ ಮೊದಲ ಗೀರು ಬಿದ್ದೀತೆಂಬ ಹೆದರಿಕೆಯಲ್ಲಿ ವೇದಿಕೆ ಮೇಲೆ ಮೈ ಬಿಗಿಯುತ್ತದೆ. ಇದರಲ್ಲಿ ಆ ಹೆದರಿಕೆ ಇಲ್ಲ. ಉಜ್ಜಿ ನುಣುಪು ಮಾಡಿದ ಕುತ್ತಿಗೆ ಕೈಗೆ ಹಿತ. ಅಪರೂಪದ ಹಳೆ ಬಾಸ್ ಇರುವವರು ಅದನ್ನು ಮನೆಯಲ್ಲಿಟ್ಟು ಪ್ರವಾಸಕ್ಕೆ ಪ್ರತಿಯನ್ನು ಒಯ್ಯುತ್ತಾರೆ. ಈ ಮೂರೂ ಒಪ್ಪತಕ್ಕವೇ.

ಆದರೆ ಒಂದು ವಿಷಯ ಗಮನಿಸಿ. ರೆಲಿಕ್ ಬಾಸ್‌ನಲ್ಲಿ ಬಣ್ಣ ಸವೆದಿರುತ್ತದೆ, ಸ್ಕ್ರೂ ತುಕ್ಕು ಹಿಡಿದಿರುತ್ತದೆ, ಆದರೆ ಫ್ರೆಟ್‌ಗಳು ಮಾತ್ರ ಹೊಚ್ಚ ಹೊಸವು! ನಿಜವಾಗಿ ನುಡಿಸಿದ್ದರೆ ಎಲ್ಲಕ್ಕಿಂತ ಮೊದಲು ಸವೆಯಬೇಕಾದ್ದು ಅದೇ. ಅದನ್ನು ಯಾಕೆ ನಕಲು ಮಾಡುವುದಿಲ್ಲ? ಫ್ರೆಟ್ ಸವೆದರೆ ತಂತಿ ಗರಗರ ಎನ್ನುತ್ತದೆ, ವಾದ್ಯ ನುಡಿಸಲಿಕ್ಕೆ ಬರುವುದಿಲ್ಲ. ಅಂದರೆ ಫೋಟೊದಲ್ಲಿ ಕಾಣುವ ಸವೆತ ಬೇಕು, ಕಷ್ಟ ಕೊಡುವ ಸವೆತ ಬೇಡ.

ನಮ್ಮ ಹಿರಿಯ ವಾದ್ಯಗಾರರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ವೀಣೆಯ 24 ಲೋಹದ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿರುತ್ತಾರೆ. ನುಡಿಸಿ ನುಡಿಸಿ ಮೆಟ್ಟಿಲು ಸವೆದು ಶ್ರುತಿ ತಪ್ಪಿದಾಗ ಕುಶಲಕರ್ಮಿಯನ್ನು ಕರೆದು ಹೊಸದಾಗಿ ಮೇಳ ಕಟ್ಟಿಸುತ್ತಾರೆ. ತಂಬೂರಿಯ ಕುದುರೆಯ ಮೇಲೆ ತಂತಿ ಗೆರೆ ಕೊರೆದಾಗ ಜವಾರಿ ತೆಗೆಸುತ್ತಾರೆ. ‘ಹಳೆ ಕಾಲದ್ದು, ಹಾಗೇ ಇರಲಿ’ ಎಂದು ಯಾರೂ ಸವೆದ ಮೆಟ್ಟಿಲನ್ನು ಪೂಜಿಸಲಿಲ್ಲ, ಹೊಸ ವೀಣೆಗೆ ಸುಳ್ಳು ಗೀರು ಹಾಕಲೂ ಇಲ್ಲ. ನೋಟದ ಸವೆತವನ್ನು ಬಿಟ್ಟರು, ನಾದ ಕೆಡಿಸುವ ಸವೆತವನ್ನು ಸರಿಪಡಿಸಿದರು.

ಸೆಕೆಂಡ್ ಹ್ಯಾಂಡ್ ಬಾಸ್ ಕೊಳ್ಳಬೇಕೆಂದಿರುವ ಸ್ನೇಹಿತರು ಇದೇ ಅಳತೆಗೋಲು ಹಿಡಿಯಬಹುದು. ಮೈಮೇಲಿನ ಗೀರು ನೋಡಿ ಹಿಂಜರಿಯಬೇಡಿ; ಅದನ್ನು ತೋರಿಸಿ ಬೆಲೆ ಇಳಿಸಿ. ಪ್ರತಿ ಫ್ರೆಟ್‌ನಲ್ಲೂ ಒತ್ತಿ ನುಡಿಸಿ, ಗರಗರ ಬರುತ್ತದೆಯೇ ಕೇಳಿ. ಕುತ್ತಿಗೆಯನ್ನು ಉದ್ದಕ್ಕೆ ಕಣ್ಣಿಟ್ಟು ನೋಡಿ, ಸ್ವಲ್ಪ ಬಾಗಿದ್ದರೆ ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿಮಾಡಬಹುದು, ತಿರುಚಿಕೊಂಡಿದ್ದರೆ ಕಷ್ಟ. ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಅದು ಚಿಕ್ಕ ರಿಪೇರಿ. ಕರಾವಳಿಯಿಂದ ಬಂದ ವಾದ್ಯವಾದರೆ ಬ್ರಿಡ್ಜ್‌ನ ಸ್ಕ್ರೂಗಳು ತುಕ್ಕಿನಲ್ಲಿ ಕಚ್ಚಿಕೊಂಡಿವೆಯೇ ನೋಡಿ. ಇಷ್ಟು ಮಾಡಿದರೆ ಕಡಿಮೆ ದುಡ್ಡಿಗೆ ಯಾರದೋ ಕೈಯಲ್ಲಿ ಪಳಗಿದ ವಾದ್ಯ ನಿಮ್ಮದಾಗುತ್ತದೆ. ಅದರ ಮೇಲಿರುವುದು ನಿಜವಾದ ಗೀರು, ಮುಂದಿನವು ನಿಮ್ಮವು.

ರೆಲಿಕ್ ಪ್ರಾಜೆಕ್ಟ್, ರೆಲಿಕ್ ಅನುಭವ

ಈಗ ನಮ್ಮ ಕಡೆಗೆ ಬರೋಣ. ಎಂಜಿನಿಯರಿಂಗ್ ಓದುವವರಿಗೆಲ್ಲ ಗೊತ್ತಿರುವ ಗುಟ್ಟೊಂದಿದೆ. ಕೊನೆಯ ವರ್ಷದ ಪ್ರಾಜೆಕ್ಟ್ ಅಂಗಡಿಯಲ್ಲಿ ಸಿಗುತ್ತದೆ. ಬೋರ್ಡು, ಕೋಡು, ಬೈಂಡ್ ಮಾಡಿದ ರಿಪೋರ್ಟು, ಪಿಪಿಟಿ, ವೈವಾಗೆ ಪ್ರಶ್ನೋತ್ತರ ಎಲ್ಲ ಸೇರಿ ಒಂದು ರೇಟು. ಇದು ನಮ್ಮ ರೆಲಿಕ್. ಕಾಣುವ ಜಾಗದಲ್ಲೆಲ್ಲ ಕೆಲಸ ಮಾಡಿದ ಗುರುತು, ಫ್ರೆಟ್ ಮಾತ್ರ ಹೊಚ್ಚ ಹೊಸದು. ‘ಈ ಸೆನ್ಸರ್ ಯಾಕೆ ಆಯ್ದುಕೊಂಡಿರಿ? ಮೊದಲು ಯಾವುದು ಕೈಕೊಟ್ಟಿತು?’ ಎಂದು ಸಂದರ್ಶನದಲ್ಲಿ ಕೇಳಿದರೆ ಉತ್ತರವಿಲ್ಲ, ಏಕೆಂದರೆ ಕೈಕೊಟ್ಟದ್ದು ಏನೂ ಇಲ್ಲ.

ಕೊಳ್ಳುವವರೆಲ್ಲ ಸೋಮಾರಿಗಳು ಎಂದು ಬೈಯುವುದು ಸುಲಭ. ಲ್ಯಾಬ್ ಸಂಜೆ ಬೇಗ ಮುಚ್ಚಿದರೆ, ಒಬ್ಬ ಗೈಡ್ ತಲೆಮೇಲೆ ಹಲವು ಬ್ಯಾಚ್‌ಗಳಿದ್ದರೆ, ಕೆಲಸ ಮಾಡದ ಮಾದರಿಗೆ ಅಂಕ ಕಡಿತವಾದರೆ ಅಂಗಡಿಯ ದಾರಿ ತಾನಾಗಿ ತೆರೆಯುತ್ತದೆ. ಅದಕ್ಕಿಂತ ಕೆಟ್ಟದ್ದು ಉದ್ಯೋಗದ ಜಾಹೀರಾತು. ‘ಫ್ರೆಶರ್ಸ್ ಬೇಕಾಗಿದ್ದಾರೆ, ಎರಡು ವರ್ಷ ಅನುಭವ ಕಡ್ಡಾಯ’ ಎಂಬಂಥ ಬೇಡಿಕೆ ನೋಡಿಯೇ ಇರುತ್ತೀರಿ. ನೇರವಾಗಿ ಹೇಳಬೇಕೆಂದರೆ ಇದು ಹೊಸ ಗಿಟಾರ್‌ಗೆ ಹಳೆ ಗೀರು ಕೇಳಿದಂತೆ. ಕೇಳುವವರಿದ್ದರೆ ಮಾಡಿಕೊಡುವವರೂ ಹುಟ್ಟುತ್ತಾರೆ. ಸುಳ್ಳು ಅನುಭವ ಪತ್ರ ಮಾರುವ ದಂಧೆ ಬೆಳೆಯುವುದು ಹೀಗೆ. ಸೇರಿದ ಮೇಲೆ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೆಲಸ ಕಳೆದುಕೊಳ್ಳುವುದು ಹುಡುಗ ಹುಡುಗಿಯರೇ ಹೊರತು ಪತ್ರ ಮಾರಿದವರಲ್ಲ.

ಹಾಗಾಗಿ ನನ್ನ ಬೇಡಿಕೆ ಎರಡೂ ಕಡೆಗೆ. ಕಾಲೇಜುಗಳು ಪ್ರಾಜೆಕ್ಟ್‌ನ ಕೊನೆಯ ಮಾದರಿಯ ಜೊತೆ, ವಾರವಾರ ಬರೆದ ಲಾಗ್ ಪುಸ್ತಕಕ್ಕೂ ಸರಿಸಮ ಅಂಕ ಕೊಡಲಿ. ಯಾವ ದಿನ ಯಾವ ಸರ್ಕ್ಯೂಟ್ ಸುಟ್ಟಿತು, ಏನು ಬದಲಿಸಿದರು ಎಂಬುದು ಅಲ್ಲಿರಲಿ. ಕಂಪನಿಗಳು ಫ್ರೆಶರ್ ಬಳಿ ಅನುಭವ ಕೇಳುವುದನ್ನು ಬಿಟ್ಟು, ತಾನೇ ಮಾಡಿದ ಒಂದು ಚಿಕ್ಕ ಕೆಲಸ ತೋರಿಸು ಎನ್ನಲಿ.

ನಾವೂ ಒಂದು ಕೆಲಸ ಮಾಡಬಹುದು. ಹತ್ತು ಸರ್ಟಿಫಿಕೇಟ್‌ಗಳ ಪಟ್ಟಿಯ ಬದಲು, ಕೈಯಿಂದ ಮಾಡಿ, ಕೆಡಿಸಿ, ಮತ್ತೆ ಸರಿಪಡಿಸಿದ ಒಂದೇ ಒಂದು ವಸ್ತುವನ್ನು ರೆಸ್ಯೂಮೆಯಲ್ಲಿ ಹಾಕೋಣ. ಅದು ಹಳ್ಳಿಯ ಮೋಟರ್‌ಗೆ ಕಟ್ಟಿದ ಟೈಮರ್ ಆಗಿರಬಹುದು, ಹಾಸ್ಟೆಲ್ ಮೆಸ್ ಲೆಕ್ಕಕ್ಕೆ ಬರೆದ ಪುಟ್ಟ ಪ್ರೋಗ್ರಾಂ ಆಗಿರಬಹುದು. ನೋಡಲು ಚೆಂದ ಇಲ್ಲದಿದ್ದರೂ ಪರವಾಗಿಲ್ಲ. ಅದರ ಮೇಲಿನ ಯಾವ ಗೀರಿನ ಬಗ್ಗೆ ಕೇಳಿದರೂ ಇದು ಹೇಗೆ ಬಿತ್ತು ಎಂದು ಹೇಳಲು ನಮಗೆ ಗೊತ್ತಿರುತ್ತದೆ.