ಕುಸ್ತಿ ಮೈದಾನದ ವಂತಿಗೆ: ಖರ್ಚೋ, ಬಂಡವಾಳವೋ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ವ್ಯಾಪಾರಸ್ಥರ ಕಿರ್ದಿಯಲ್ಲಿ ವರ್ಷಕ್ಕೊಮ್ಮೆಯಾದರೂ ಕಾಣಿಸಿಕೊಳ್ಳುವ ನಮೂದು ಒಂದಿದೆ: 'ಜಾತ್ರೆ ಕುಸ್ತಿ ಪಟ್ಟಿ'. ಜಾತ್ರೆ, ಉರುಸುಗಳ ದಿನ ಸಮೀಪಿಸಿದಂತೆ ಕಮಿಟಿಯ ಹಿರಿಯರು ಪಾವತಿ ಪುಸ್ತಕ ಹಿಡಿದು ಅಂಗಡಿಯ ಮೆಟ್ಟಿಲೇರುತ್ತಾರೆ. ತಂಬಾಕಿನ ವ್ಯಾಪಾರಿಗಳು, ಬೆಲ್ಲದ ಅಡತಿಯವರು, ಗೊಬ್ಬರದ ಅಂಗಡಿಯವರು, ಟ್ರ್ಯಾಕ್ಟರ್ ಮಾರಾಟಗಾರರು, ಸಣ್ಣ ಕಾರಖಾನೆಯವರು, ಯಾರೂ ಇಲ್ಲವೆನ್ನುವುದಿಲ್ಲ. ಈ ಔದಾರ್ಯ ನಿಸ್ಸಂದೇಹವಾಗಿ ಶ್ಲಾಘನೀಯ. ಆದರೆ ಕೊಟ್ಟ ಹಣ ಯಾರ ಕೈ ಸೇರುತ್ತದೆ, ಅದರಿಂದ ನಮ್ಮ ಭಾಗದ ಕುಸ್ತಿಗೆ ಆಗುವ ಪ್ರಯೋಜನವೇನು ಎಂಬ ಲೆಕ್ಕವನ್ನು ನಾವು ಕೇಳುವುದು ಕಡಿಮೆ. ವ್ಯವಹಾರದ ಪ್ರತಿ ಪೈಸೆಗೆ ಲೆಕ್ಕವಿಡುವ ಸಮುದಾಯ ಈ ಒಂದು ಬಾಬಿನಲ್ಲಿ ಮಾತ್ರ ಕಣ್ಣು ಮುಚ್ಚಿಕೊಳ್ಳುವುದು ಉಚಿತವಲ್ಲ.

ಜಂಗಿ ನಿಕಾಲಿ ಕುಸ್ತಿಯ ಕ್ರಮ ಓದುಗರಿಗೆ ತಿಳಿದದ್ದೇ. ಮಧ್ಯಾಹ್ನ ಬಿಸಿಲಿನಲ್ಲಿ ಚಿಕ್ಕ ಹುಡುಗರ ಜೋಡಿಗಳಿಂದ ಆರಂಭ. ತೆಂಗಿನಕಾಯಿಯೋ ಅಲ್ಪಸ್ವಲ್ಪ ನಗದೋ ಇನಾಮು. ಇಳಿಹೊತ್ತಿಗೆ ಹದಿನಾರರಿಂದ ಇಪ್ಪತ್ತು ವಯಸ್ಸಿನ ಉದಯೋನ್ಮುಖ ಪೈಲವಾನರು ಕಣಕ್ಕಿಳಿಯುತ್ತಾರೆ. ದೀಪ ಹಚ್ಚಿದ ಮೇಲೆ ಹಲಗಿ ಮೇಳದ ಸಂಭ್ರಮದೊಂದಿಗೆ ಮೊದಲ ನಂಬರಿನ ಕುಸ್ತಿ. ಆ ಜೋಡಿಗೆ ಬಹುತೇಕ ಕೊಲ್ಲಾಪುರ, ಪುಣೆ, ಹರಿಯಾಣ, ಪಂಜಾಬಗಳಿಂದ ಹೆಸರಾಂತ ಮಲ್ಲರನ್ನು ಕರೆಸಲಾಗುತ್ತದೆ. ವಂತಿಗೆಯ ಸಿಂಹಪಾಲು ಈ ಒಂದೆರಡು ಜೋಡಿಗಳಿಗೆ ಸಲ್ಲುತ್ತದೆ. ದಾನಿಗಳಾದ ನಾವೂ ಬೆಳ್ಳಿ ಗದೆ ಕೊಡುವ ಹೊತ್ತಿಗೆ ಸರಿಯಾಗಿ ಮೈದಾನಕ್ಕೆ ಬಂದು, ಶಾಲು ಹೊದ್ದು, ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುತ್ತೇವೆ.

ಇಳಿಹೊತ್ತಿನ ಕುಸ್ತಿಗಳನ್ನು ಒಮ್ಮೆ ಕುಳಿತು ನೋಡಿದವರಿಗೆ ಬೇರೆಯೇ ಅನುಭವವಾಗುತ್ತದೆ. ಅಂಕಗಳಿಲ್ಲದ, ಎದುರಾಳಿಯನ್ನು ಚಿತ್ತು ಮಾಡಿದಾಗಲೇ ತೀರ್ಮಾನವಾಗುವ ಈ ಪದ್ಧತಿಯಲ್ಲಿ ಹೆಸರು ಮಾಡಿದ ಮಲ್ಲರು ಹಲವು ಸಲ ಕಳೆದುಕೊಳ್ಳುವ ಭಯದಿಂದ ಕೈಕೈ ಹಿಡಿದು ನಿಂತು, ಅರ್ಧ ತಾಸಿನ ಬಳಿಕ ಸಮಬಲವೆಂದು ಬಿಡಿಸಿಕೊಳ್ಳುವುದುಂಟು. ಹುಡುಗರಿಗೆ ಆ ಭಯವಿಲ್ಲ. ಘಿಸ್ಸಾ, ಢಾಕ ಮುಂತಾದ ಪಟ್ಟುಗಳನ್ನು ಅವರು ಮನಬಿಚ್ಚಿ ಪ್ರಯೋಗಿಸುತ್ತಾರೆ. ಎರಡು ಮೂರು ನಿಮಿಷಗಳಲ್ಲಿ ಸೋಲು ಗೆಲುವು ನಿಚ್ಚಳವಾಗುತ್ತದೆ. ಗರಡಿಯಲ್ಲಿ ವಸ್ತಾದರು ಏನು ಕಲಿಸಿದ್ದಾರೆಂಬುದು, ಯಾವ ಹುಡುಗನಲ್ಲಿ ಮುಂದೆ ಬರುವ ಕಸುವಿದೆಯೆಂಬುದು ಆಗಲೇ ಗೊತ್ತಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹೆಣ್ಣುಮಕ್ಕಳ ಜೋಡಿಗಳೂ ಕಣಕ್ಕಿಳಿಯುತ್ತಿರುವುದು ಸಂತಸದ ಸಂಗತಿ.

ಈ ಹುಡುಗರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ಮೈದಾನದಿಂದ ಮರೆಯಾಗುತ್ತಾರೆ. ಕಾರಣ ಸೋಲಲ್ಲ, ಖುರಾಕು. ಹಾಲು, ತುಪ್ಪ, ಬಾದಾಮಿ, ಮೊಟ್ಟೆಗಳ ಖರ್ಚು ದಿನ ತಪ್ಪದೆ ಬರುತ್ತದೆ. ಇನಾಮು ವರ್ಷದಲ್ಲಿ ಬೆರಳೆಣಿಕೆಯ ದಿನ ಮಾತ್ರ. ಕೂಲಿಕಾರರ ಹಾಗೂ ಸಣ್ಣ ಹಿಡುವಳಿದಾರರ ಮನೆಗಳು ಈ ಭಾರವನ್ನು ಎಷ್ಟು ಕಾಲ ಹೊರಬಲ್ಲವು?

ಲೆಕ್ಕಶಾಸ್ತ್ರದಲ್ಲಿ ಕಂದಾಯ ಖರ್ಚು, ಬಂಡವಾಳ ಖರ್ಚು ಎಂಬ ಭೇದವಿದೆ. ಮೊದಲನೆಯದರ ಫಲ ಅದೇ ವರ್ಷದಲ್ಲಿ ತೀರಿಹೋಗುತ್ತದೆ. ಎರಡನೆಯದು ಮುಂದಿನ ಹಲವು ವರ್ಷ ಫಲ ಕೊಡುತ್ತದೆ. ಹೊರಗಿನ ಮಲ್ಲನಿಗೆ ಕೊಡುವ ಇನಾಮು ಮೊದಲ ಬಗೆಯದು; ಸ್ಥಳೀಯ ಹುಡುಗನ ಖುರಾಕಿಗೆ ಕೊಡುವುದು ಎರಡನೆಯ ಬಗೆಯದು. ಒಂದು ಮೈದಾನದ ಒಟ್ಟು ವಂತಿಗೆ 4,80,000 ರೂ. ಎಂದು ಭಾವಿಸೋಣ. ಅದರ ಕಾಲುಭಾಗ 1,20,000 ರೂ. ಇಷ್ಟರಲ್ಲಿ ಐದು ಜನ ಹುಡುಗರಿಗೆ ತಿಂಗಳಿಗೆ ತಲಾ 2,000 ರೂ.ನಂತೆ ಇಡೀ ವರ್ಷ ಕೊಡಬಹುದು. ದಿನಕ್ಕೊಂದು ಲೀಟರ್ ಎಮ್ಮೆಯ ಹಾಲಿಗೆ ಈ ಮೊತ್ತ ಸುಮಾರಾಗಿ ಸಾಕು. ಉಳಿದ 3,60,000 ರೂ.ಗಳಲ್ಲಿ ಮೈದಾನದ ಸಂಭ್ರಮಕ್ಕೇನೂ ಕುಂದು ಬರಲಾರದು.

ದೊಡ್ಡ ಜೋಡಿಯಿಲ್ಲದಿದ್ದರೆ ಜನ ಸೇರುವುದಿಲ್ಲ, ಜನ ಸೇರದಿದ್ದರೆ ನಮ್ಮ ಫಲಕ ನೋಡುವವರಾರು ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ತಥ್ಯವಿದೆ. ಆದ್ದರಿಂದಲೇ ದೊಡ್ಡ ಕುಸ್ತಿಯನ್ನು ಕೈಬಿಡಬೇಕೆಂದು ಈ ಲೇಖಕನು ಹೇಳುತ್ತಿಲ್ಲ. ಆದರೆ ಹೊರಗಿನವರ ಹೆಸರಿನ ಮೇಲೆಯೇ ನಡೆಯುವ ಮೈದಾನ, ಪರರ ಸರಕನ್ನು ಮಾರುವ ದಲಾಲಿಯ ಅಂಗಡಿಯಿದ್ದಂತೆ. ಸರಕಿನ ದರ ಏರಿದಂತೆಲ್ಲ ನಾವು ಕೊಡುತ್ತಲೇ ಹೋಗಬೇಕು. ಸ್ವಂತ ಉತ್ಪಾದನೆಯ ಬೆಲೆ ನಮ್ಮ ತಯಾರಕರಿಗೆ ತಿಳಿಯದ್ದೇನಲ್ಲ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. ಅಥಣಿಯ ಕುಶಲಕರ್ಮಿಗಳು ತಲೆಮಾರುಗಳಿಂದ ಮಕ್ಕಳ ಕೈಗೆ ಕಸುಬು ದಾಟಿಸಿರದಿದ್ದರೆ ಇದು ಸಾಧ್ಯವಾಗುತ್ತಿತ್ತೇ? ಕುಸ್ತಿಯೂ ಕಲಿಸಿ ಉಳಿಸಬೇಕಾದ ಕಸುಬೇ.

ನಿಪ್ಪಾಣಿಗೆ ಸಮೀಪದ ಕೊಲ್ಲಾಪುರದಲ್ಲಿ ರಾಜರ್ಷಿ ಶಾಹೂ ಮಹಾರಾಜರು ಖಾಸಬಾಗ ಮೈದಾನವನ್ನು ಕಟ್ಟಿಸಿ ಕುಸ್ತಿಗೆ ಆಶ್ರಯವಿತ್ತರು. ರಾಜಾಶ್ರಯದ ಕಾಲ ಮುಗಿದ ಮೇಲೆ ಆ ಹೊಣೆ ಜನರದಾಯಿತು. ಕರಾಡ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಪದಕವದು. ಅವರ ಪ್ರಯಾಣಕ್ಕಾಗಿ ಊರವರು ವಂತಿಗೆ ಎತ್ತಿದರು. ಅವರು ಓದಿದ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೀಕರ ಅವರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂ. ಒದಗಿಸಿದರು. ಪದಕ ಬಂದ ಮೇಲೆ ಹಾರ ಹಾಕಿದವರು ಅಸಂಖ್ಯರು. ಪದಕ ಬರುವ ಮೊದಲು ಹಣ ಕೊಟ್ಟವರು ಕೆಲವರೇ. ಅಂತಹ ಮುಂದಿನ ವೈಯಕ್ತಿಕ ಪದಕಕ್ಕಾಗಿ ದೇಶ 1996ರವರೆಗೆ ಕಾಯಬೇಕಾಯಿತು. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ ಅವರು 2020ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದಿರುವುದು ಈ ಮಣ್ಣಿನ ಸತ್ವಕ್ಕೆ ಸಾಕ್ಷಿ.

ಇನ್ನು ಲೆಕ್ಕಪತ್ರದ ಮಾತು. ಕುಸ್ತಿ ವಂತಿಗೆಯನ್ನು ಜಾಹೀರಾತು ಖರ್ಚೆಂದು ತೋರಿಸಬೇಕಾದರೆ ಅದು ಸಂಪೂರ್ಣವಾಗಿ ವ್ಯಾಪಾರದ ಸಲುವಾಗಿಯೇ ಮಾಡಿದ ಖರ್ಚೆಂಬುದಕ್ಕೆ ಪಾವತಿ, ಫಲಕದ ಛಾಯಾಚಿತ್ರ ಮುಂತಾದ ಆಧಾರಗಳು ಇರಬೇಕು. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದಾಗಿ ಕೊಟ್ಟ ಖರ್ಚು ಸಾಮಾನ್ಯವಾಗಿ ಮಾನ್ಯವಾಗುವುದಿಲ್ಲ. ದಾನವೆಂದು ಕೊಟ್ಟರೆ, ಪಡೆಯುವ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ಅನುಮೋದನೆ ಇರಬೇಕು. ಅದಿದ್ದರೂ 2,000 ರೂ. ಮೀರಿದ ನಗದು ದಾನಕ್ಕೆ ರಿಯಾಯಿತಿ ಇಲ್ಲ. ಜಾತ್ರೆ ಮುಗಿದೊಡನೆ ಚದುರಿಹೋಗುವ ಕಮಿಟಿಗಳಿಂದ ಈ ಶಿಸ್ತನ್ನು ನಿರೀಕ್ಷಿಸುವುದು ಕಷ್ಟ. ನೋಂದಾಯಿತ ವಿಶ್ವಸ್ಥ ಮಂಡಳಿಯೊಂದಿದ್ದರೆ ದಾನಿಗೂ ಭದ್ರತೆ, ಹುಡುಗನಿಗೂ ನಿಶ್ಚಿಂತೆ.

ಆದ್ದರಿಂದ ನಮ್ಮ ಐದೂ ತಾಲೂಕುಗಳ ವ್ಯಾಪಾರಸ್ಥರ ಮುಂದೆ ಕೆಲವು ಸಲಹೆಗಳನ್ನು ಇಡಬಯಸುತ್ತೇನೆ. ಮೊದಲನೆಯದಾಗಿ, ವಂತಿಗೆ ಕೊಡುವಾಗಲೇ ಅದರ ಕಾಲುಭಾಗ ಸ್ಥಳೀಯ ಹುಡುಗರ ಖುರಾಕಿಗೆಂದು ಪಾವತಿಯ ಮೇಲೆ ಬರೆಸಬೇಕು. ಎರಡನೆಯದಾಗಿ, ಆ ಹಣ ಬ್ಯಾಂಕಿನ ಮೂಲಕ ತಿಂಗಳು ತಿಂಗಳು ಸಲ್ಲಬೇಕು. ಆಯ್ಕೆಯನ್ನು ದಾನಿಗಳು ಮಾಡದೆ ವಸ್ತಾದರಿಗೆ ಬಿಡಬೇಕು. ಮೂರನೆಯದಾಗಿ, ತಾಲೂಕಿಗೊಂದಾದರೂ ಮ್ಯಾಟ್ ಒದಗಿಸಬೇಕು. ರೈಲ್ವೆ, ಸೈನ್ಯಗಳ ಕ್ರೀಡಾ ಕೋಟಾದ ನೌಕರಿಗೆ ಮ್ಯಾಟಿನ ಮೇಲಿನ ಅಧಿಕೃತ ಸ್ಪರ್ಧೆಗಳ ಸಾಧನೆಯೇ ಆಧಾರ; ಮಣ್ಣಿನ ಕುಸ್ತಿಯೊಂದರಿಂದಲೇ ಹುಡುಗನ ಬದುಕು ನೆಲೆಗೊಳ್ಳದು. ನಾಲ್ಕನೆಯದಾಗಿ, ಮೈದಾನದಲ್ಲಿ ಒಬ್ಬ ವೈದ್ಯರೂ, ಹುಡುಗರಿಗೆ ಅಪಘಾತ ವಿಮೆಯೂ ಇರಲೇಬೇಕು.

ಇವೆಲ್ಲಕ್ಕೂ ಮೊದಲು ಖರ್ಚಿಲ್ಲದ ಕೆಲಸವೊಂದಿದೆ. ಬರುವ ಜಾತ್ರೆಯಲ್ಲಿ ನಮ್ಮ ವ್ಯಾಪಾರಸ್ಥ ಬಾಂಧವರು ಗದೆ ಕೊಡುವ ಹೊತ್ತಿಗಲ್ಲದೆ ನಾಲ್ಕು ಗಂಟೆಗೇ ಮೈದಾನಕ್ಕೆ ದಯಮಾಡಿಸಲಿ. ಸರಕನ್ನು ಕಣ್ಣಾರೆ ನೋಡದೆ ಹಣ ಹೂಡುವ ರೂಢಿ ನಮ್ಮ ಪೇಟೆಯಲ್ಲಿಲ್ಲ.