ಪಟಕ್ಕೆ ಕೂರುವ ಮುನ್ನ

ಮನೆಮಂದಿಯೆಲ್ಲರೂ ಒಂದೆಡೆ ಸೇರಿ ಭಾವಚಿತ್ರ ತೆಗೆಸಿಕೊಳ್ಳುವುದೆಂದರೆ ಮದುವೆಯ ಸಿದ್ಧತೆಗಿಂತ ತುಸುವೇ ಕಡಿಮೆಯಾದ ಕಾರ್ಯ. ಮದುವೆಗಾದರೆ ಪುರೋಹಿತರು ಮುಹೂರ್ತವನ್ನು ಗೊತ್ತುಮಾಡಿಕೊಡುತ್ತಾರೆ, ಎಲ್ಲರೂ ತಲೆಬಾಗುತ್ತಾರೆ. ಇಲ್ಲಿಯಾದರೋ ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಮಂದಿ ಪುರೋಹಿತರು! ಯಜಮಾನರಿಗೆ ಭಾನುವಾರವೇ ಆಗಬೇಕು. ಕಿರಿಯ ಮಗನಿಗೆ ಅಂದು ಕ್ರಿಕೆಟ್ ಪಂದ್ಯ. ಮಗಳಿಗೆ ಕುಪ್ಪಸ ಹೊಲಿದು ಬಂದಿಲ್ಲ. ಗೃಹಿಣಿಗೆ ಒಲೆಯ ಮೇಲೆ ಹುಳಿ ಕುದಿಯುತ್ತಿದೆ.

ಮೈಸೂರಿನ ಚಾಮರಾಜಪುರದ ಒಂದು ಮನೆಯಲ್ಲಿ ಇಂಥದೇ ಒಂದು ಪ್ರಸಂಗ ಒದಗಿತು. ಆ ಮನೆಯಲ್ಲಿ ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ನಾಲ್ವರು ಮೊಮ್ಮಕ್ಕಳು. ಒಟ್ಟು ಒಂಬತ್ತು ಮಂದಿ. ಹಿರಿಯ ಮೊಮ್ಮಗಳು ಹೆಚ್ಚಿನ ವ್ಯಾಸಂಗಕ್ಕಾಗಿ ಸಮುದ್ರದಾಚೆಗೆ ಹೊರಟಿದ್ದಳು. ಜೊತೆಗೊಯ್ಯಲು ಒಂದು ಪಟ ಬೇಕೆಂದು ಹುಡುಕಿದಾಗ ಸೋಜಿಗವೊಂದು ಹೊರಬಿದ್ದಿತು. ಎಲ್ಲರ ಮೊಬೈಲುಗಳಲ್ಲಿಯೂ ಚಿತ್ರಗಳು ಸಾವಿರಗಟ್ಟಲೆ ಇದ್ದುವು. ಒಂಬತ್ತು ಮುಖಗಳೂ ಒಟ್ಟಿಗಿರುವ ಚಿತ್ರ ಮಾತ್ರ ಒಂದೂ ಇರಲಿಲ್ಲ. ಚಿತ್ರ ತೆಗೆಯುವವನು ಚಿತ್ರದಲ್ಲಿರುವುದಿಲ್ಲ. ಹಬ್ಬದ ದಿನ ಬಡಿಸುವವಳು ಅಡುಗೆಮನೆಯಲ್ಲಿರುತ್ತಾಳೆ. ಅಜ್ಜಿ ಯಾವಾಗಲೂ, “ನನ್ನದೇನು ಬಿಡಿ” ಎಂದು ಬಾಗಿಲ ಮರೆಗೆ ಸರಿದಿರುತ್ತಾರೆ.

ನುರಿತ ಛಾಯಾಚಿತ್ರಗಾರರೊಬ್ಬರನ್ನು ಕರೆಸುವುದೆಂದು ನಿಶ್ಚಯವಾಯಿತು. ಆ ಕ್ಷಣದಿಂದಲೇ ಉಡುಪಿನ ವಾಗ್ಯುದ್ಧ ಆರಂಭ. ಕಿರಿಯ ಸೊಸೆಯ ಮತ, ಒಂಬತ್ತು ಮಂದಿಗೂ ಒಂದೇ ಬಣ್ಣವಿರಬೇಕೆಂದು. ಈಗಿನ ರೂಢಿ ಅದೇ ಅಲ್ಲವೆ? ಹಿರಿಯ ಸೊಸೆಯ ಮತ, ಜರಿಯಿಲ್ಲದಿದ್ದರೆ ಅದು ಪಟವೇ ಅಲ್ಲವೆಂದು. “ನಾವೇನು ಬ್ಯಾಂಡಿನವರೇ, ಎಲ್ಲರೂ ಒಂದೇ ಸಮವಸ್ತ್ರ ತೊಡುವುದಕ್ಕೆ?” ಎಂದು ಯಜಮಾನರು ವೃತ್ತಪತ್ರಿಕೆಯ ಹಿಂದಿನಿಂದ ನುಡಿದು, ಎರಡು ಪಕ್ಷಗಳ ಕೋಪಕ್ಕೂ ಏಕಕಾಲದಲ್ಲಿ ಪಾತ್ರರಾದರು.

ಸ್ಥಳ ನೋಡಲು ಬಂದ ಛಾಯಾಚಿತ್ರಗಾರರು ವಯಸ್ಸಾದವರು. ಇಂಥ ಮೊಕದ್ದಮೆಗಳನ್ನು ಎಷ್ಟೋ ಇತ್ಯರ್ಥಪಡಿಸಿದವರು. ಅವರು ಹೇಳಿದ ಮಾತುಗಳು ಎಲ್ಲ ಮನೆಗಳಿಗೂ ಸಲ್ಲುವಂಥವು.

ಎಲ್ಲರೂ ಒಂದೇ ಬಣ್ಣ ತೊಟ್ಟರೆ ಒಬ್ಬರ ಭುಜ ಎಲ್ಲಿ ಮುಗಿಯಿತು, ಮತ್ತೊಬ್ಬರ ಸೆರಗು ಎಲ್ಲಿ ಆರಂಭವಾಯಿತು ಎಂಬುದೇ ತಿಳಿಯದು. ಬಟ್ಟೆಯ ಒಂದು ರಾಶಿಯ ಮೇಲೆ ಒಂಬತ್ತು ತಲೆಗಳನ್ನಿಟ್ಟಂತೆ ಕಾಣುತ್ತದೆ. ಬಣ್ಣಗಳು ಬೇರೆಯಾಗಿರಲಿ, ಆದರೆ ಒಂದಕ್ಕೊಂದು ನೆಂಟತನವುಳ್ಳವಾಗಿರಲಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನು ರಚಿಸಿದ ಗಾಯಕಿಯರ ಗುಂಪಿನ ಚಿತ್ರವೊಂದುಂಟು. ಅದರಲ್ಲಿ ಹನ್ನೊಂದು ಮಂದಿ ಹೆಂಗಸರು. ಬೇರೆ ಬೇರೆ ಪ್ರಾಂತಗಳ ಉಡುಗೆ. ಆದರೂ ಅದು ಒಂದೇ ಸಭೆಯಾಗಿ ಕಾಣುತ್ತದೆಯೇ ಹೊರತು ಸಂತೆಯಾಗಿ ಕಾಣುವುದಿಲ್ಲ.

ಮೈಗೆ ಹತ್ತಿರವಿರುವ ಬಣ್ಣ ಮುಖದ ಮೇಲೂ ಬೀಳುತ್ತದೆಂಬುದು ಎರಡನೆಯ ಮಾತು. ಬಿಸಿಲಿನಲ್ಲಿ ಗಿಳಿಹಸಿರಿನ ಸೀರೆಯುಟ್ಟವರ ಗಲ್ಲದ ಕೆಳಗೆ ಹಸಿರು ಛಾಯೆ ಮೂಡಿ, ಜ್ವರದಿಂದ ಎದ್ದು ಬಂದವರಂತೆ ಕಾಣುವುದುಂಟು. ಬಹು ಸಣ್ಣ ಗೆರೆಯ ಅಂಗಿ, ಬಹು ಸಣ್ಣ ಚೌಕಳಿಯ ಸೀರೆಗಳನ್ನು ದೂರವಿಡುವುದು ಲೇಸು. ಈಗಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಆ ಗೆರೆಗಳ ಮೇಲೆ ನೀರಿನ ಅಲೆಯಂಥ ಇಲ್ಲದ ಗೆರೆಗಳು ಹುಟ್ಟಿಕೊಳ್ಳುತ್ತವೆ. ಜರಿಯಿರಲಿ, ಆದರೆ ಅದರ ಮೇಲೆ ನೇರವಾಗಿ ಫ್ಲ್ಯಾಷ್ ಬೆಳಕು ಬೀಳದಿರಲಿ. ಬಿದ್ದರೆ ಅಂಚು ಮಿಂಚುತ್ತದೆ, ಮುಖ ಮಂಕಾಗುತ್ತದೆ.

ಹಳೆಯ ಕಾಲದವರಿಗೆ ಬಣ್ಣದ ಕಷ್ಟ ಬೇರೊಂದು ಬಗೆಯದು. 1839ರಲ್ಲಿ ಪ್ಯಾರಿಸ್ಸಿನಲ್ಲಿ ದಗೇರನ ವಿಧಾನ ಪ್ರಕಟವಾದ ಮೇಲೆ ಬಹುಕಾಲ, ಫೋಟೋದ ಫಲಕಗಳಿಗೆ ಕೆಂಪು ಬಣ್ಣವೇ ಕಾಣಿಸುತ್ತಿರಲಿಲ್ಲ. ಆದುದರಿಂದಲೇ ಬಹು ಹಳೆಯ ಪಟಗಳಲ್ಲಿ ಹಣೆಯ ಕುಂಕುಮ ಕಪ್ಪಾಗಿಯೂ, ನೀಲಿಯ ಸೀರೆ ಬೆಳ್ಳಗೂ ತೋರುವುದು. ಅಂದಿನ ಹಿರಿಯರು ಪಟದಲ್ಲಿ ನಗುತ್ತಿರಲಿಲ್ಲವೆಂದು ಇಂದಿನವರು ಹಾಸ್ಯಮಾಡುತ್ತಾರೆ. ಮೊದಮೊದಲು ಒಂದು ಚಿತ್ರಕ್ಕೆ ಎಷ್ಟೋ ಹೊತ್ತು ಅಲುಗಾಡದೆ ಕೂರಬೇಕಾಗಿದ್ದಿತು. ತಲೆ ಕದಲದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು. ಅಷ್ಟು ಹೊತ್ತು ನಗೆಯನ್ನು ಹಿಡಿದು ನಿಲ್ಲಿಸುವುದು ಯಾರಿಂದಾದೀತು?

ಹಾಗೆಂದು ನಮ್ಮ ನಾಡಿನ ಸ್ಟುಡಿಯೋದವರ ಜಾಣ್ಮೆಯೂ ಕಡಿಮೆಯದಲ್ಲ. ಮೊಗ್ಗಿನ ಜಡೆ ಹೆಣೆಸಿಕೊಂಡ ಹುಡುಗಿಯ ಮುಖ ಕಂಡರೆ ಜಡೆ ಕಾಣದು. ಜಡೆ ಕಂಡರೆ ಮುಖ ಕಾಣದು. ಅವಳ ಹಿಂದೊಂದು ನಿಲುಗನ್ನಡಿಯನ್ನಿಟ್ಟು, ಮುಖವನ್ನೂ ಜಡೆಯನ್ನೂ ಒಂದೇ ಪಟದಲ್ಲಿ ಹಿಡಿದುಕೊಟ್ಟ ಉಪಾಯಕ್ಕೆ ಸಾಕ್ಷಿ ಎಷ್ಟೋ ಮನೆಗಳ ಗೋಡೆಗಳ ಮೇಲೆ ಇಂದಿಗೂ ಉಂಟು.

ಇಷ್ಟೆಲ್ಲ ಚರ್ಚೆಯಾಗಿ, ತಿಳಿಕೆನೆ, ಹಳದಿ, ಕಂದು, ನೀಲಿ ಎಂದು ಬಣ್ಣಗಳು ಗೊತ್ತಾದುವು. ಉಳಿದವರು ಅಜ್ಜಿಯೊಬ್ಬರೇ. ಹಿರಿಯ ಸೊಸೆ ಹೊಸ ರೇಷ್ಮೆ ಸೀರೆಯೊಂದನ್ನು ತಂದು ಮುಂದಿಟ್ಟು, “ಅತ್ತೆ, ನೀವು ಇದನ್ನು ಉಟ್ಟು ನಡುವೆ ಕೂತುಕೊಳ್ಳಬೇಕು” ಎಂದಳು.

“ನನಗೇಕಮ್ಮಾ? ಮಗು ಊರಿಗೆ ಹೊರಟಿದೆ, ಶುಭಕಾರ್ಯ. ನೀವೆಲ್ಲ ಕೂತು ತೆಗೆಸಿಕೊಳ್ಳಿ” ಎಂದು ಅಜ್ಜಿ ಎದ್ದರು.

ವಿಧವೆಯಾದವಳು ನಡುವೆ ಕೂರಬಾರದೆಂಬ ಹಳೆಯ ಅಂಜಿಕೆ ಅದೆಂದು ಎಲ್ಲರೂ ತಿಳಿದರು. ಅದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಅಂದು ರಾತ್ರಿ ಮೊಮ್ಮಗಳೇ ಕೇಳಿ ತಿಳಿದಳು.

ನಡುಮನೆಯ ಗೋಡೆಯ ಮೇಲೆ ತಾತನ ಪಟವೊಂದಿದೆ. ಅವರು ತೀರಿಕೊಂಡುದು 1974ರಲ್ಲಿ, ಮಕ್ಕಳಿನ್ನೂ ಚಿಕ್ಕವರಿದ್ದಾಗ. ಆಗ ಮನೆಯಲ್ಲಿ ಅವರ ಮುಖ ಸ್ಪಷ್ಟವಾಗಿದ್ದ ಚಿತ್ರ ಒಂದೇ ಒಂದು. 1962ರಲ್ಲಿ ಮದುವೆಯಾದ ಹೊಸತರಲ್ಲಿ ದಂಪತಿಗಳು ತೆಗೆಸಿಕೊಂಡುದು. ಅಂದಿನ ಪದ್ಧತಿಯಂತೆ ಗಂಡ ಕುರ್ಚಿಯಲ್ಲಿ ಕುಳಿತಿದ್ದ; ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಹದಿಮೂರನೆಯ ದಿನಕ್ಕೆ ಪಟ ಬೇಕೆಂದು ಯಾರೋ ಬಂಧುಗಳು ಅದನ್ನೊಯ್ದು, ಗಂಡನ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿ ತಂದರು. ಮಿಕ್ಕ ತುಂಡು ಏನಾಯಿತೆಂದು ಆ ದುಃಖದಲ್ಲಿ ಯಾರೂ ಕೇಳಲಿಲ್ಲ. ಆ ಪಟದ ಎಡಗಡೆ, ಕುರ್ಚಿಯ ಬೆನ್ನಿನ ಮೇಲೆ, ನಾಲ್ಕು ಬೆರಳುಗಳು ಕಾಣುತ್ತವೆ. ಐವತ್ತು ವರ್ಷಗಳಿಂದ ಹಬ್ಬಕ್ಕೊಮ್ಮೆ ಆ ಪಟಕ್ಕೆ ಹೂ ಏರಿಸುತ್ತ ಬಂದ ಮನೆಯವರು ಯಾರೂ ಅವು ಯಾರ ಬೆರಳುಗಳೆಂದು ವಿಚಾರಿಸಿರಲಿಲ್ಲ.

“ಆಮೇಲೆ ನನಗೆ ಪಟವೆಂದರೆ ಬೇಸರವೇ ಆಗಿಹೋಯಿತು ಮಗು. ಕೂರಿಸುವುದೂ ಅವರೇ, ಕತ್ತರಿಸುವುದೂ ಅವರೇ” ಎಂದರು ಅಜ್ಜಿ.

“ಆವತ್ತು ಯಾವ ಸೀರೆ ಉಟ್ಟಿದ್ದೆ ಅಜ್ಜಿ?”

ಅಜ್ಜಿ ಉತ್ತರ ಹೇಳಲಿಲ್ಲ. ಪೆಟ್ಟಿಗೆಯ ಬೀಗದಕೈ ತೆಗೆದುಕೊಟ್ಟರು. ತಳದಲ್ಲಿ, ಹಳೆಯ ಪಂಚೆಯೊಂದರಲ್ಲಿ ಸುತ್ತಿಟ್ಟಿದ್ದ ನವಿಲುಬಣ್ಣದ ಮೈಸೂರು ರೇಷ್ಮೆ ಸೀರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಇದೇ ಊರಿನಲ್ಲಿ ಆರಂಭವಾದ ಸರ್ಕಾರಿ ಕಾರ್ಖಾನೆಯಲ್ಲಿ ನೇಯ್ದುದು. ಬಣ್ಣ ಕುಂದಿರಲಿಲ್ಲ, ಮಡಿಕೆಗಳು ಮಾತ್ರ ನವೆದಿದ್ದುವು. ಹಳೆಯ ರೇಷ್ಮೆ ಮೊದಲು ಬಿರಿಯುವುದು ಮಡಿಕೆಯಲ್ಲಿಯೇ. ಅದಕ್ಕೆಂದೇ ಇಂಥ ಸೀರೆಗಳನ್ನು ಆಗಾಗ ಹೊರತೆಗೆದು, ನೆರಳಿನಲ್ಲಿ ಗಾಳಿಗೆ ಹರವಿ, ಹಿಂದಿನ ಮಡಿಕೆ ತಪ್ಪಿಸಿ ಬೇರೆ ಮಡಿಕೆ ಹಾಕಿಡಬೇಕು. ಇಸ್ತ್ರಿ ಮಾಡುವುದಾದರೆ ಮೇಲೊಂದು ತೆಳುವಾದ ಬಟ್ಟೆಯಿಟ್ಟು ಮಂದವಾದ ಕಾವಿನಲ್ಲಿ ಮಾಡಬೇಕು.

ಮೊಮ್ಮಗಳು ಆ ಸೀರೆಯನ್ನು ತಾನು ಉಡುವೆನೆಂದಳು. ಅಜ್ಜಿ ನಡುವೆ ಕೂರಲೊಪ್ಪಿದರು. ಹೊಸ ರೇಷ್ಮೆಯನ್ನು ಮಾತ್ರ ಒಪ್ಪಲಿಲ್ಲ. “ದಿನವೂ ಉಡುವ ಇಳಕಲ್ಲಿನ ಸೀರೆಯೇ ಇರಲಿ. ಅವಳು ದೂರದಲ್ಲಿ ಕುಳಿತು ನೋಡುವಾಗ ತನ್ನ ಅಜ್ಜಿಯನ್ನು ನೋಡಬೇಕೇ ಹೊರತು ಸೀರೆಯಂಗಡಿಯ ಗೊಂಬೆಯನ್ನಲ್ಲ” ಎಂದರು. ಉಡುಪನ್ನು ಕುರಿತು ಆ ಮನೆಯಲ್ಲಿ ನಡೆದ ಎಲ್ಲ ಚರ್ಚೆಗಳಲ್ಲಿ ಇದಕ್ಕಿಂತ ಒಳ್ಳೆಯ ಮಾತು ಬರಲಿಲ್ಲ.

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ, ಬಿಸಿಲು ಬಲಿಯುವ ಮುನ್ನ, ಮುಂದಿನ ಜಗಲಿಯ ನೆರಳಿನಲ್ಲಿ ಏರ್ಪಾಡಾಯಿತು. ಮಕ್ಕಳಿಗೆ ಮೊದಲೇ ತಿಂಡಿ ಕೊಟ್ಟಿದ್ದರು. ಹಸಿದ ಮಗುವನ್ನು ನಗಿಸಬಲ್ಲ ಕ್ಯಾಮೆರಾ ಇನ್ನೂ ಹುಟ್ಟಿಲ್ಲ. ಗಂಡಸರು ಒಂದು ವಾರ ಮುಂಚೆಯೇ ಕ್ಷೌರ ಮಾಡಿಸಿಕೊಂಡಿದ್ದರು; ಹಿಂದಿನ ದಿನ ಮಾಡಿಸಿಕೊಂಡರೆ ಕಿವಿಗಳೇ ಎದ್ದು ಕಾಣುತ್ತವೆ. ಕನ್ನಡಕದವರು ಗಾಜಿನಲ್ಲಿ ಬೆಳಕು ಹೊಳೆಯದಂತೆ ಮುಖವನ್ನು ತುಸು ತಗ್ಗಿಸಿದರು. ಮೊಬೈಲುಗಳಲ್ಲಿ ಹತ್ತಿರ ನಿಂತು ತೆಗೆದರೆ ಅಂಚಿನಲ್ಲಿರುವವರು ಅಗಲವಾಗಿ ಕಾಣುವುದುಂಟು. ಛಾಯಾಚಿತ್ರಗಾರರು ಅಂಗಳದ ಕೊನೆಯವರೆಗೆ ಹಿಂದೆ ಸರಿದು ನಿಂತರು.

ಎಲ್ಲರನ್ನೂ ನಿಲ್ಲಿಸಿ ಕ್ಯಾಮೆರಾ ಸರಿಪಡಿಸುತ್ತಿದ್ದಾಗ ಅಜ್ಜಿ ಅವರನ್ನು ಕೂಗಿದರು: “ಇದಾದ ಮೇಲೆ ಒಬ್ಬೊಬ್ಬರದೂ ಬೇರೆ ಬೇರೆ ಒಂದೊಂದು ತೆಗೆದುಬಿಡಪ್ಪಾ. ಆಮೇಲೆ ಯಾರೂ ಯಾರನ್ನೂ ಕತ್ತರಿಸುವ ಕೆಲಸ ಬೇಡ.”

ಯಾರಿಗೂ ಏನು ಹೇಳುವುದಕ್ಕೂ ತೋಚಲಿಲ್ಲ. ಛಾಯಾಚಿತ್ರಗಾರರು ಮಾತ್ರ, “ಹಾಗೇ ಆಗಲಿ ತಾಯಿ” ಎಂದರು. ಹಾಗೆಯೇ ಮಾಡಿದರು ಕೂಡ. ಇದು ಎಲ್ಲ ಮನೆಯವರೂ ನೆನಪಿನಲ್ಲಿಡತಕ್ಕ ಮಾತು. ಗುಂಪಿನ ಚಿತ್ರಕ್ಕೆಂದು ಎಲ್ಲರೂ ಮಡಿಯುಟ್ಟು ಸಿದ್ಧರಾಗಿರುವ ದಿನವೇ ಹಿರಿಯರ ಪ್ರತ್ಯೇಕ ಚಿತ್ರಗಳನ್ನೂ, ದಂಪತಿಗಳ ಚಿತ್ರಗಳನ್ನೂ ತೆಗೆಸಿಬಿಡುವುದು ವಿವೇಕ.

ಇನ್ನೊಂದು ಮಾತು. ಮೊಬೈಲು ಕೆಟ್ಟರೆ, ಕಳೆದರೆ, ಅದರೊಳಗಿನ ಚಿತ್ರವೂ ಹೋದಂತೆಯೇ. ಪಟವನ್ನು ಕಾಗದದ ಮೇಲೆ ಅಚ್ಚು ಹಾಕಿಸಬೇಕು. ಹಿಂಬದಿಯಲ್ಲಿ ಮೆಲ್ಲಗೆ ಸೀಸದಕಡ್ಡಿಯಿಂದ ಎಲ್ಲರ ಹೆಸರು, ಸಂಬಂಧ, ತಾರೀಖು ಬರೆದಿಡಬೇಕು. ಇಂದು ಎಲ್ಲರಿಗೂ ತಿಳಿದಿರುವ ಮುಖ ಐವತ್ತು ವರ್ಷಗಳ ಮೇಲೆ ಯಾರಿಗೂ ತಿಳಿಯದೆ ಹೋಗಬಹುದು.

ಚಾಮರಾಜಪುರದ ಆ ಮನೆಯಲ್ಲಿ ಎರಡು ಪ್ರತಿಗಳನ್ನು ಮಾಡಿಸಿದರು. ಒಂದು ಮೊಮ್ಮಗಳ ಪೆಟ್ಟಿಗೆಯಲ್ಲಿ, ಹುಳಿಪುಡಿಯ ಡಬ್ಬಿಗೂ ಉಪ್ಪಿನಕಾಯಿಯ ಡಬ್ಬಿಗೂ ನಡುವೆ, ಸಮುದ್ರ ದಾಟಿತು. ಮತ್ತೊಂದನ್ನು ತಾತನ ಪಟದ ಎಡಗಡೆಗೆ, ಆ ನಾಲ್ಕು ಬೆರಳುಗಳ ಪಕ್ಕಕ್ಕೇ, ತೂಗುಹಾಕಿದರು. ಅದರಲ್ಲಿ ಅಜ್ಜಿ ಕುರ್ಚಿಯಲ್ಲಿ ಕುಳಿತಿದ್ದಾರೆ. ನವಿಲುಬಣ್ಣದ ಸೀರೆಯುಟ್ಟ ಮೊಮ್ಮಗಳು ಪಕ್ಕದಲ್ಲಿ ನಿಂತಿದ್ದಾಳೆ.