ಗೃಹಜೀವನ: ಚಳಿಗಾಳಿಯಿಂದ ಬಿಸಿನೀರು

ಮಾರ್ಗಶಿರವು ಕಾಲಿಟ್ಟಿತೆಂದರೆ ಚನ್ನರಾಯಪಟ್ಟಣದ ಸೀಮೆಯಲ್ಲಿ ನಸುಕಿನ ಮಂಜು ತೆಂಗಿನ ತೋಟಗಳನ್ನು ಕವಿಯುವುದು. ಬಚ್ಚಲಮನೆಯ ಹಂಡೆಯ ಕೆಳಗೆ ಮಟ್ಟೆ, ಗರಿ, ಚಿಪ್ಪುಗಳು ಉರಿಯತೊಡಗುವುವು. ಆ ಊರಿನಿಂದ ಗೃಹಿಣಿಯೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗಳು ನಾರ್ವೆ ದೇಶದಲ್ಲಿರುವಳು. ಅಲ್ಲಿ ಹೊರಗೆ ಹಿಮ ಬಿದ್ದಿದ್ದರೂ ಒಲೆಯಿಲ್ಲದೆಯೇ ಮನೆಯು ಬೆಚ್ಚಗಿರುವುದಂತೆ. ಗೋಡೆಯಾಚೆ ಇಟ್ಟ ಯಂತ್ರವೊಂದು ಆ ಹಿಮದ ಗಾಳಿಯಿಂದಲೇ ಶಾಖವನ್ನು ತೆಗೆದುಕೊಡುವುದಂತೆ. ಇದು ನಂಬತಕ್ಕ ಮಾತೇ, ನಮ್ಮ ಮನೆಗೂ ಒದಗೀತೇ ಎಂದು ಅವರು ಕೇಳಿರುವರು. ಕಾಗದದ ನಡುವೆ ಇನ್ನೊಂದು ಸಂಗತಿಯು ಸುಮ್ಮನೆ ಬಂದುಹೋಗಿದೆ: ಅವರ ಅತ್ತೆಯವರು ಚಳಿಗೆ ಹೆದರಿ, ಕೋಣೆಯ ಬಾಗಿಲು ಕಿಟಕಿಗಳನ್ನೆಲ್ಲ ಭದ್ರಪಡಿಸಿ, ಮಂಚದ ಬಳಿ ಕೆಂಡದ ಬಾಂಡಲೆಯನ್ನಿಟ್ಟುಕೊಂಡು ಮಲಗುವರು.

ನಾವು ಇಲ್ಲಿಂದಲೇ ಆರಂಭಿಸಬೇಕಾಗಿದೆ. ತಾಯಿ, ಆ ಬಾಂಡಲೆಯನ್ನು ಈ ರಾತ್ರಿಯೇ ಹೊರಗಿಡಿಸಿರಿ. ಕೆಂಡವು ಹೊಗೆಯಾಡದಿದ್ದರೂ ಅದರಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವು ಹೊರಡುತ್ತಲೇ ಇರುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಅದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಮೀರಿದ ಬಲದಿಂದ ಅಂಟಿಕೊಳ್ಳುವುದು. ಆದ್ದರಿಂದ ನಿದ್ದೆಯಲ್ಲಿರುವವರಿಗೆ ಎಚ್ಚರವಾಗುವುದೇ ಇಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರನ್ನು ಉರಿಸುವಾಗಲೂ ಇದೇ ಅಪಾಯ. ನಮ್ಮ ರಾಜ್ಯದಲ್ಲಿಯೇ ಹೀಗೆ ಪ್ರಾಣಗಳು ಹೋಗಿವೆ. ‘ನಮ್ಮತ್ತೆಯ ಕಾಲದಿಂದಲೂ ಇಟ್ಟುಕೊಂಡು ಬಂದಿದ್ದೇವೆ’ ಎಂದು ಹಿರಿಯರು ಹೇಳುವುದುಂಟು. ಅವರ ಮಾತು ಸುಳ್ಳಲ್ಲ. ಆದರೆ ಅವರತ್ತೆಯ ಮನೆಗೆ ನಾಡಹೆಂಚಿನ ಮಾಡಿದ್ದಿತು, ಹೆಂಚಿನ ಸಂದುಗಳಲ್ಲಿ ಗಾಳಿಯಾಡುತ್ತಿದ್ದಿತು. ಈಗಿನ ತಾರಸಿಯ ಕೋಣೆಗೆ ಗಾಜಿನ ಕಿಟಕಿಗಳನ್ನು ಬಿಗಿದರೆ ಗಾಳಿಗೆ ದಾರಿಯೇ ಇರದು.

ಇನ್ನು ನಾರ್ವೆಯ ಯಂತ್ರದ ವಿಚಾರ. ಅದಕ್ಕೆ ಹೀಟ್ ಪಂಪ್ ಎಂದು ಹೆಸರು. ಹೆಸರಿನಲ್ಲಿಯೇ ಅದರ ಗುಟ್ಟಿದೆ. ನಮ್ಮ ತೋಟದ ಕೊಳವೆಬಾವಿಯ ಪಂಪು ನೀರನ್ನು ಹುಟ್ಟಿಸುವುದಿಲ್ಲ, ಕೆಳಗಿದ್ದುದನ್ನು ಮೇಲಕ್ಕೆತ್ತುವುದು. ಇದೂ ಹಾಗೆಯೇ, ತಣ್ಣನೆಯ ಕಡೆಯಿಂದ ಶಾಖವನ್ನು ಎತ್ತಿ ಬಿಸಿಯ ಕಡೆಗೆ ಸುರಿಯುವುದು. ಹಿಮದಲ್ಲಿ ಶಾಖವೆಲ್ಲಿಯದು ಎನ್ನುವಿರೋ? ಶಾಖವು ಪೂರ್ತಿ ಬತ್ತಬೇಕಾದರೆ ಸೊನ್ನೆಗಿಂತ 273 ಡಿಗ್ರಿ ಕೆಳಗಿಳಿಯಬೇಕು. ಅಲ್ಲಿಯವರೆಗೆ ಎಲ್ಲದರಲ್ಲಿಯೂ ಅಷ್ಟಿಷ್ಟು ಇದ್ದೇ ಇರುವುದು. ಯಂತ್ರದ ಕೊಳವೆಯಲ್ಲಿರುವ ದ್ರವವು ಹಿಮಗಾಳಿಯ ಸ್ಪರ್ಶಕ್ಕೇ ಕುದಿದು ಆವಿಯಾಗುವಂತಹದು. ಆ ಆವಿಯನ್ನು ಒತ್ತಿದರೆ ಬಿಸಿಯೇರುವುದು. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿರುವರು. ಆ ಬಿಸಿಯನ್ನು ಮನೆಗೋ ನೀರಿಗೋ ಕೊಟ್ಟು ಆವಿಯು ಮತ್ತೆ ದ್ರವವಾಗುವುದು. ಅಡಿಗೆಮನೆಯ ಫ್ರಿಜ್ಜೂ ಇದೇ ಜಾತಿಯದು: ಒಳಗಿನ ಹಾಲು ಮೊಸರುಗಳ ಶಾಖವನ್ನು ಹೊರಗೆ ಚೆಲ್ಲುವುದು.

ಇದು ಇಂದು ನಿನ್ನೆಯ ಯೋಚನೆಯಲ್ಲ. ಕಟ್ಟಡಗಳನ್ನು ಹೀಗೆ ಬೆಚ್ಚಗಿಡಬಹುದೆಂದು ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು, 1852ರಲ್ಲಿಯೇ ಬರೆದನು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಚ್ ನಗರದ ಪುರಭವನವನ್ನು ಲಿಮ್ಮಟ್ ನದಿಯ ನೀರಿನ ಶಾಖದಿಂದ ಬೆಚ್ಚಗೆ ಮಾಡಿದರು. ಇಂದು ನಾರ್ವೆಯಲ್ಲಿ ಈ ಯಂತ್ರವು ಮನೆಮನೆಯ ವಸ್ತುವಾಗಿದೆ.

ಬಾವಿ ಆಳವಾದಷ್ಟೂ ನೀರೆತ್ತಲು ಹೆಚ್ಚು ಕರೆಂಟು ಬೇಕಷ್ಟೆ. ಹಾಗೆಯೇ ಹೊರಗಿನ ಚಳಿ ಹೆಚ್ಚಿದಷ್ಟೂ ಈ ಯಂತ್ರದ ದುಡಿಮೆ ಹೆಚ್ಚುವುದು. ಚನ್ನರಾಯಪಟ್ಟಣವು ಎರಡೂವರೆ ಸಾವಿರ ಅಡಿಗೂ ಮೇಲಿದ್ದರೂ ಅಲ್ಲಿಯ ಚಳಿಯು 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಯಂತ್ರದ ಮಟ್ಟಿಗೆ ಇದು ಕೈಗೆ ನೀರು ಸಿಕ್ಕುವ ಬಾವಿ. ಆದರೆ ಇಂತಹ ಊರಿನಲ್ಲಿ ಕೋಣೆಯನ್ನು ಬಿಸಿಮಾಡಲು ಹಣ ಸುರಿಯುವುದು ನಮಗೆ ಒಪ್ಪಿಗೆಯಿಲ್ಲ. ಏಸಿ ಯಂತ್ರವನ್ನು ಹೇಗೂ ಕೊಳ್ಳುವವರು, ಅದು ಚಳಿಗಾಲದಲ್ಲಿ ತಿರುಗುಮುರುಗಾಗಿ ಬಿಸಿಗಾಳಿಯನ್ನೂ ಕೊಡುವ ಬಗೆಯದೇ ಎಂದು ವಿಚಾರಿಸಿಕೊಂಡರೆ ಸಾಕು. ಕೇವಲ ತಣ್ಣಗೆ ಮಾಡುವವೇ ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವುವು.

ನಮ್ಮ ಮನೆಗಳಲ್ಲಿ ಶಾಖ ಬೇಕಾದುದು ಬಚ್ಚಲಿಗೆ. 100 ಲೀಟರು, ಎಂದರೆ ಐದಾರು ಬಕೆಟ್ಟು ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಮಾಮೂಲು ಕರೆಂಟು ಗೀಸರಿಗೆ ಮೂರು ಯೂನಿಟ್ಟು ಬೇಕು. ಹೀಟ್ ಪಂಪಿಗೆ ಒಂದು ಯೂನಿಟ್ಟಿನ ಆಸುಪಾಸು ಸಾಕು. ಉಳಿದ ಎರಡನ್ನು ಗಾಳಿಯೇ ಕೊಡುವುದು. ಬೆಲೆಯೇನೋ ಗೀಸರಿನ ಹಲವು ಪಟ್ಟು. ನಾಲ್ಕು ಮಂದಿಯ ಮನೆಗೆ, ತೋಟದ ಮಟ್ಟೆಯಾಗಲಿ ಮಾಳಿಗೆಯ ಮೇಲೆ ಸೋಲಾರ್ ತೊಟ್ಟಿಯಾಗಲಿ ಇರುವಾಗ, ಇದನ್ನು ಕೊಳ್ಳಿರೆಂದು ನಾವು ಹೇಳೆವು. ಹತ್ತು ಹದಿನೈದು ಮಂದಿಯ ಕೂಡುಕುಟುಂಬ, ವಿದ್ಯಾರ್ಥಿನಿಲಯ, ಬೆಳಗಿನ ಜಾವದಲ್ಲಿ ನೂರಾರು ಯಾತ್ರಿಕರು ಮೀಯುವ ಶ್ರವಣಬೆಳಗೊಳದಂತಹ ಸ್ಥಳದ ವಸತಿಗೃಹ, ಇವುಗಳಿಗೆ ಹಾಕಿದ ಹಣವು ತಿರುಗಿ ಬರುವುದು. ಕೊಳ್ಳುವವರು ಯಂತ್ರವನ್ನು ಗಾಳಿಯಾಡುವ ಹೊರಜಾಗದಲ್ಲಿಡಬೇಕು. ಅದು ತಂಗಾಳಿಯನ್ನು ಊದುವುದು, ನೀರನ್ನೂ ತೊಟ್ಟಿಕ್ಕಿಸುವುದು. ಗಾಳಿ ಬೆಚ್ಚಗಿರುವ ಮಧ್ಯಾಹ್ನದಲ್ಲಿ ನಡೆಸಿ, ಬಿಸಿನೀರನ್ನು ಶಾಖ ಸೋರದ ತೊಟ್ಟಿಯಲ್ಲಿ ಬೆಳಗಿನವರೆಗೆ ಉಳಿಸಿಕೊಂಡರೆ ಕರೆಂಟು ಇನ್ನೂ ಉಳಿಯುವುದು. ಕೊಳವೆಬಾವಿಯ ಗಡಸು ನೀರು ಕೊಳವೆಗೆ ಸುಣ್ಣದ ಪೊರೆ ಕಟ್ಟುವುದರಿಂದ ಆಗಾಗ ತೆಗೆಸಬೇಕು.

ಅತ್ತೆಯವರಿಗಾದರೋ ಯಾವ ಯಂತ್ರವೂ ಬೇಡ. ಸಂಜೆಗೆ ಮುನ್ನ ಕಿಟಕಿಗಳನ್ನು ಮುಚ್ಚಿ ಹಗಲಿನ ಬಿಸುಪನ್ನು ಉಳಿಸಿರಿ. ಹಾಸಿಗೆಯ ಕೆಳಗೊಂದು, ಮೇಲೊಂದು ಕಂಬಳಿಯಿರಲಿ, ತಲೆಗೆ ಉಣ್ಣೆಯ ಕುಲಾವಿಯಿರಲಿ. ರಬ್ಬರು ಚೀಲಕ್ಕೆ ಬಿಸಿನೀರನ್ನು ತುಂಬಿ, ಮುಚ್ಚಳವನ್ನು ಬಿಗಿದು, ದಪ್ಪ ಬಟ್ಟೆಯನ್ನು ಸುತ್ತಿ ಅವರು ಮಲಗುವುದಕ್ಕೆ ಮುಂಚೆ ಕಾಲಿನ ಕಡೆ ಇಟ್ಟು ಹಾಸಿಗೆಯನ್ನು ಬೆಚ್ಚಗೆ ಮಾಡಿ, ಮಲಗಿದ ಮೇಲೆ ತೆಗೆದುಬಿಡಿರಿ; ವಯಸ್ಸಾದವರ ಚರ್ಮಕ್ಕೆ ಸುಡುವುದು ಬೇಗ ತಿಳಿಯದು. ಬಾಂಡಲೆಯಿಲ್ಲದೆ ಅವರಿಗೆ ನಿದ್ದೆ ಹತ್ತಿತೇ ಎಂಬುದನ್ನು ಮುಂದಿನ ಕಾಗದದಲ್ಲಿ ನಮಗೆ ತಪ್ಪದೆ ಬರೆಯಿರಿ.